ದೊಡ್ಡವ್ವ ಬರೆದುಕೊಟ್ಟ ಕಣ್ಣು

ಮೊನ್ನೆ ಸ್ಟಾಫ್ ರೂಮಿನಲ್ಲಿ ಕೂತು ಒಂಬತ್ತನೇ ತರಗತಿಯ ನೋಟ್‌ಬುಕ್ಕುಗಳನ್ನು ತಿದ್ದುತ್ತಿದ್ದೆ. ಒಂದು ಪುಸ್ತಕ ತೆರೆದ ಕೂಡಲೇ ಹೊಗೆಸೊಪ್ಪಿನ ವಾಸನೆ ಬಂತು. ಬೀಡಿ ಸಿಗರೇಟಿನ ವಾಸನೆಯಲ್ಲ, ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಬೇಯಿಸುವ ಗೂಡಿನಲ್ಲಿ, ಬೆಂದು ಹದವಾದ ಎಲೆಯದು. ಬೆಲ್ಲ ಕಾಯಿಸಿದ ಹಾಗೆ, ಒಣಹುಲ್ಲಿನ ಹಾಗೆ... ಪಿರಿಯಾಪಟ್ಟಣದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಹುಡುಗಿ ಸೊಪ್ಪಿನ ರಾಶಿಯ ಪಕ್ಕದಲ್ಲೇ ಕೂತು ಹೋಂವರ್ಕ್ ಮಾಡಿರಬೇಕು. ನಾನೂ ಹಾಗೆ ಬರೆದವಳೇ. ಪುಸ್ತಕ ಮುಚ್ಚಿಟ್ಟೆ. ದೊಡ್ಡವ್ವ ನೆನಪಾದಳು. ನೆನಪಾದಳು ಅನ್ನುವುದೂ ಸರಿಯಲ್ಲ, ಮರೆತಿದ್ದರೆ ತಾನೇ ನೆನಪಾಗುವುದು.

ದೊಡ್ಡವ್ವ ನಮಗೆ ರಕ್ತಸಂಬಂಧಿಯಲ್ಲ. ಊರಿನಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಯವಳು. ನಮ್ಮವ್ವನಿಗಿಂತ ದೊಡ್ಡವಳು, ಹಾಗಾಗಿ ನನಗೆ ದೊಡ್ಡವ್ವ. ನಮ್ಮೆರಡು ಮನೆಗೂ ಹೊಲ ಇರಲಿಲ್ಲ. ಅವ್ವ, ದೊಡ್ಡವ್ವ ಇಬ್ಬರೂ ಹೊಲವಿದ್ದವರ ಶೆಡ್ಡಿಗೆ ಸೊಪ್ಪಿನ ಕೆಲಸಕ್ಕೆ ಹೋಗುತ್ತಿದ್ದರು. ಹಸಿ ಎಲೆಯನ್ನು ಕೋಲಿಗೆ ದಾರ ಹಾಕಿ ಕಟ್ಟುವುದು ಒಂದು ಕೆಲಸ. ಎಲೆ ಬೆಂದು ಬಂದ ಮೇಲೆ ಬಣ್ಣ ನೋಡಿ ಬೇರೆ ಬೇರೆ ಮಾಡುವುದು ಇನ್ನೊಂದು, ಅದೇ ಗ್ರೇಡಿಂಗ್. ಮೊದಲನೆಯದನ್ನು ನಾನೂ ಎಂಟನೇ ವಯಸ್ಸಿಗೇ ಕಲಿತಿದ್ದೆ. ಎರಡನೆಯದು ಎಲ್ಲರ ಕೈಲಿ ಆಗುವುದಲ್ಲ. ನನ್ನ ಕಣ್ಣಿಗೆ ಎಲ್ಲವೂ ಒಂದೇ ಹಳದಿಯಾಗಿ ಕಾಣುತ್ತಿದ್ದ ರಾಶಿಯಲ್ಲಿ ದೊಡ್ಡವ್ವ ಬಾಗಿಲ ಬೆಳಕಿಗೆ ಎಲೆ ಹಿಡಿದು ಬಾಳೆಹಣ್ಣು, ಅರಿಶಿನ, ಹೊಸ ಬೆಲ್ಲ, ಹಳೆ ಬೆಲ್ಲ, ಸಗಣಿ ಎಂದು ತನ್ನದೇ ಹೆಸರು ಹೇಳುತ್ತಾ ಎಸೆಯುತ್ತಿದ್ದಳು. ಅವಳು ಗ್ರೇಡ್ ಮಾಡಿದ ಸೊಪ್ಪಿನ ಮೂಟೆಯನ್ನು ಹರಾಜಿನಲ್ಲಿ ಯಾರೂ ವಾಪಸ್ಸು ಕಳಿಸಿದ್ದಿಲ್ಲ ಎಂದು ಊರವರು ಹೇಳುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ನಮ್ಮವ್ವ ನನ್ನನ್ನೂ ಗ್ರೇಡಿಂಗಿಗೆ ಕೂರಿಸಲು ನೋಡಿದಳು. ದೊಡ್ಡವ್ವ ಬಿಡಲಿಲ್ಲ. "ಅವ್ಳ ಪಾಲಿಂದು ನಾನ್ ಮಾಡಾಕ್ತೀನಿ, ಮಗ ಓದ್ಕಳ್ಲಿ ಬುಡು. ಬಣ್ಣ ತಿಳಿಯದ್ ಕಣ್ಣು ಅದು, ಅಕ್ಷರಕ್ಕೇ ಸರಿ" ಎಂದಳು. ಎಲ್ಲರೂ ನಕ್ಕರು. ಆ ವರ್ಷ ಪೂರ್ತಿ ಎರಡು ರಾಶಿ ಅವಳ ಮುಂದಿತ್ತು.

ನಮ್ಮ ಬೀದಿಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಬಿ.ಎಡ್. ಮಾಡಿ, ಅಂಚೆ ಮೂಲಕ ಎಂ.ಎ. ಮುಗಿಸಿ, ಪಿರಿಯಾಪಟ್ಟಣದ ಒಂದು ಹೈಸ್ಕೂಲಿನಲ್ಲಿ ಟೀಚರಾದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ, ಕಷ್ಟಪಟ್ಟು ಗಳಿಸಿದ್ದು. ಆದರೆ ಆ ಹೆಮ್ಮೆಯ ಜೊತೆ ಒಂದು ಹಸಿವೂ ಇತ್ತು. ಪಟ್ಟಣದ ಸೇವಾ ಕ್ಲಬ್ಬಿನವರು ಸದಸ್ಯೆಯಾಗಿ ಎಂದು ಕರೆದಾಗ ಅದು ನನಗೇ ಗೊತ್ತಾಯಿತು. ಡಾಕ್ಟರು, ವಕೀಲರು, ತಂಬಾಕಿನ ವ್ಯಾಪಾರಿಗಳು ಇದ್ದ ಕ್ಲಬ್ಬು. ನನ್ನ ಸೀರೆಗೆ ಅವರ ಪಿನ್ನು ಚುಚ್ಚಿದ ದಿನ ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ.

ಕೆಲಸವನ್ನೂ ಮಾಡಿದೆವು, ಇಲ್ಲ ಅನ್ನುವುದಿಲ್ಲ. ಹುಣಸೂರಿನಲ್ಲಿ ರಕ್ತದಾನ ಶಿಬಿರ, ಹ್ಯಾಂಡ್‌ಪೋಸ್ಟ್ ಊರಿನಿಂದ ಆಚೆ ಕಾಡಂಚಿನ ಆದಿವಾಸಿ ಹಾಡಿಗಳ ಮಕ್ಕಳಿಗೆ ಸ್ವೆಟರು, ಶಾಲೆಗಳಿಗೆ ನೀರಿನ ಫಿಲ್ಟರು. ಮೂರನೇ ವರ್ಷ ನನ್ನನ್ನೇ ಕಾರ್ಯದರ್ಶಿ ಮಾಡಿದರು. ಆ ವರ್ಷದ ದೊಡ್ಡ ಕಾರ್ಯಕ್ರಮ ನೇತ್ರದಾನ. ಸತ್ತ ಮೇಲೆ ಕಣ್ಣು ಕೊಡುತ್ತೇನೆ ಎಂದು ಜನರಿಂದ ಕಾರ್ಡಿಗೆ ಸಹಿ ಮಾಡಿಸುವುದು. ಕಾರ್ಡಿನ ಒಂದು ಭಾಗ ಹರಿದು ಮೈಸೂರಿನ ಕಣ್ಣಿನ ಬ್ಯಾಂಕಿಗೆ ಕಳಿಸಬೇಕು, ಇನ್ನೊಂದು ಭಾಗ ಕೊಟ್ಟವರ ಹತ್ತಿರ ಇರಬೇಕು.

ಕಾರ್ಡು ಅಚ್ಚು ಹಾಕಿಸಲು ಪ್ರೆಸ್ಸಿಗೆ ಹೋದವಳು ನಾನೇ. ಮಾದರಿ ಕಾರ್ಡಿನ ಕೊನೆಯ ಸಾಲಿನಲ್ಲಿ ಕಣ್ಣಿನ ಬ್ಯಾಂಕಿನ ಫೋನ್ ನಂಬರಿತ್ತು. ಅದರ ಮೇಲೆ ನನ್ನ ಹೆಸರು, ಡಿಗ್ರಿ, ಕಾರ್ಯದರ್ಶಿ ಎಂಬ ಪದ, ನನ್ನ ಮೊಬೈಲ್ ನಂಬರು ಬರಬೇಕು ಎಂದು ಬರೆದುಕೊಟ್ಟೆ. ಪ್ರೆಸ್ಸಿನವರು ಕಂಪ್ಯೂಟರಿನಲ್ಲಿ ಕೂರಿಸಿ ನೋಡಿದರು.

"ಜಾಗ ಸಾಲಲ್ಲ ಮೇಡಂ. ಡಿಗ್ರಿ ತೆಗೀಲಾ, ಕೆಳಗಿನ್ ಲೈನ್ ತೆಗೀಲಾ?"

"ಕೆಳಗಿನದು ತೆಗೀರಿ. ಹೇಗೂ ನನಗೇ ತಾನೇ ಫೋನ್ ಮಾಡೋದು" ಎಂದೆ.

ಎಂ.ಎ., ಬಿ.ಎಡ್. ಉಳಿಯಿತು.

ಪಟ್ಟಣದಲ್ಲಿ ಜನ ಭಾಷಣ ಕೇಳಿ, ಕಾಫಿ ಕುಡಿದು ಜಾರಿಕೊಳ್ಳುತ್ತಿದ್ದರು. ಗವರ್ನರ್ ಭೇಟಿ ಹತ್ತಿರ ಬರುತ್ತಿತ್ತು. ಅಂದರೆ ಸರ್ಕಾರದ ರಾಜ್ಯಪಾಲರಲ್ಲ, ನಮ್ಮಂಥ ಕ್ಲಬ್ಬುಗಳ ಮೇಲಿನ ಹಿರಿಯರು. ಅಷ್ಟರೊಳಗೆ ಕಾರ್ಡು ತುಂಬಬೇಕಿತ್ತು. ನಮ್ಮೂರಿಗೇ ಹೋದೆ. ಗ್ರೇಡಿಂಗ್ ಶೆಡ್ಡಿನಲ್ಲಿ ಹೆಂಗಸರೆಲ್ಲ ಸಾಲಾಗಿ ಕೂತಿದ್ದರು. ನಿಂತು ಪಾಠ ಮಾಡುವ ಹಾಗೆ ಹೇಳಿದೆ: ಜೀವ ಹೋದ ಕೂಡಲೇ ಫೋನ್ ಮಾಡಬೇಕು, ಫ್ಯಾನ್ ಆಫ್ ಮಾಡಬೇಕು, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು, ತಲೆ ಕೆಳಗೆ ದಿಂಬು ಕೊಡಬೇಕು, ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು.

"ಕಣ್ ಕಿತ್ಕೊಟ್ಬುಟ್ರೆ ಮೇಲಕ್ಕೋಗೋ ದಾರಿ ಎಂಗವ್ವ ಕಾಣ್ತದೆ?" ಎಂದಳು ಒಬ್ಬಳು.

"ಇವ್ಳ ಅತ್ತೆ ಕಣ್ಣು ಮಾತ್ರ ತಗೋಬ್ಯಾಡ ಕಣವ್ವ, ದೃಷ್ಟಿ ಕಣ್ಣು ಅದು. ಹಾಕಿಸ್ಕಂಡೋರ ಮನೆ ಹಸ ಹಾಲೇ ಕೊಡಾಕಿಲ್ಲ" ಎಂದಳು ಇನ್ನೊಬ್ಬಳು. ಶೆಡ್ಡೆಲ್ಲ ನಗು.

ದೊಡ್ಡವ್ವ ನಗಲಿಲ್ಲ. ಕೈಯಲ್ಲಿದ್ದ ಎಲೆ ಕೆಳಗಿಟ್ಟು, "ಪೊರೆ ಆಪ್ರೇಸನ್ ಆಗದೆ ನಂಗೆ. ಅಂಥ ಕಣ್ಣು ಆಯ್ತದಾ?" ಎಂದು ಕೇಳಿದಳು.

"ಆಗುತ್ತೆ ದೊಡ್ಡವ್ವ."

ಪಕ್ಕದಲ್ಲಿದ್ದ ಅವಳ ಸೊಸೆಗೆ ಗಾಬರಿಯಾಯಿತು. "ಬ್ಯಾಡ ಕಣತ್ತೆ, ಮುಂದಿನ್ ಜನ್ಮಕ್ಕೆ ಕುರುಡಾಗಿ ಉಟ್ತಾರಂತೆ."

"ಮುಂದಿನ್ ಜನ್ಮಕ್ಕೂ ಈ ಸೊಪ್ಪೇ ನೋಡಾದಾದ್ರೆ ಕಣ್ಣಿಲ್ದೆ ಇರಾದೇ ವಾಸಿ ಬುಡು" ಎಂದು ನನ್ನ ಕಡೆ ತಿರುಗಿದಳು. "ಯಾವ್ದಾರ ಓದೋ ಮಗೀಗೆ ಹಾಕ್ಸವ್ವ. ನಾನಂತೂ ಇಸ್ಕೂಲ್ ಮೆಟ್ಲು ಅತ್ಲಿಲ್ಲ, ನನ್ ಕಣ್ಣಾದ್ರೂ ಓದ್ಲಿ."

ಸೆರಗಿಗೆ ಬೆರಳು ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು. ಅವಳು ಒತ್ತಿದ ಮೇಲೆ ಬೇರೆಯವರೂ ಒಬ್ಬೊಬ್ಬರಾಗಿ ಒತ್ತಿದರು. ನಾನು ಎಣಿಸುತ್ತಿದ್ದೆ, ಅಷ್ಟೇ.

ಮೈಸೂರಿಗೆ ಹೋಗಬೇಕಾದ ಅರ್ಧ ಕಾರ್ಡುಗಳು ಮೈಸೂರಿಗೆ ಹೋಗಲಿಲ್ಲ. ನಮ್ಮ ಅಧ್ಯಕ್ಷರಿಗೆ ಒಂದು ಯೋಚನೆ ಬಂತು, ಗವರ್ನರಿಗೆ ಹೂವಿನ ಹಾರ ಎಲ್ಲರೂ ಹಾಕುತ್ತಾರೆ, ನಾವು ಕಣ್ಣಿನ ಕಾರ್ಡಿನ ಹಾರ ಹಾಕೋಣ ಎಂದು. ಎಲ್ಲರೂ ಭೇಷ್ ಅಂದರು. ಕಾರ್ಡುಗಳನ್ನು ಪೋಣಿಸಿದವಳು ನಾನು. ಹಸಿ ಸೊಪ್ಪು ಕಟ್ಟಿದ ಕೈ ನೋಡಿ, ದಾರ ಎಳೆಎಳೆಯಾಗಿ ಸುತ್ತಿ ಎಷ್ಟು ಚೆನ್ನಾಗಿ ಕಟ್ಟಿದೆ ಅಂದರೆ ಡಾಕ್ಟರ ಹೆಂಡತಿ, "ಎಲ್ಲಿ ಕಲಿತ್ರಿ ಇದನ್ನ?" ಎಂದು ಕೇಳಿದರು. "ಹೀಗೇ, ಕ್ರಾಫ್ಟ್ ಕ್ಲಾಸಿನಲ್ಲಿ" ಎಂದೆ. ಗವರ್ನರು ಹಾರ ಹಾಕಿಸಿಕೊಂಡು ಫೋಟೊಗೆ ನಿಂತರು. ಆಮೇಲೆ ಅದನ್ನು ತೆಗೆದು ಡ್ರೈವರ್ ಕೈಗೆ ಕೊಟ್ಟರು. ಉಳಿದ ಹಾರಗಳ ಜೊತೆ ಅದೂ ಕಾರಿನ ಡಿಕ್ಕಿಗೆ ಹೋಯಿತು. ನನ್ನ ಎದುರಿಗೇ ಹೋಯಿತು. ವಾಪಸ್ಸು ಕೇಳಬೇಕು ಅನ್ನಿಸಿತು, ಆದರೆ ಅಷ್ಟು ದೊಡ್ಡವರನ್ನು ಹೇಗೆ ಕೇಳುವುದು ಎಂದು ಸುಮ್ಮನಾದೆ.

ದೊಡ್ಡವ್ವ ಮಾತ್ರ ತನ್ನ ಅರ್ಧ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಪಟದ ಹಿಂದೆ ಸಿಕ್ಕಿಸಿದ್ದಳಂತೆ. ಹಾಸಿಗೆ ಹಿಡಿದ ಮೇಲೆ ದಿನವೂ ಮಗನಿಗೆ, "ಪೋನು ಚಾರ್ಜಿಗೆ ಹಾಕಿದ್ಯೇನ್ಲಾ?" ಎಂದು ಕೇಳುತ್ತಿದ್ದಳಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಹಾಸಿಗೆ ಹಿಡಿದ ಸುದ್ದಿ ಗೊತ್ತಿತ್ತು. ಈ ಭಾನುವಾರ ಹೋಗೋಣ, ಮುಂದಿನ ಭಾನುವಾರ ಹೋಗೋಣ ಅಂದುಕೊಳ್ಳುತ್ತಿದ್ದೆ...

ಅವಳು ತೀರಿಕೊಂಡದ್ದು ಒಂದು ಬೆಳಿಗ್ಗೆ, ಹತ್ತು ಗಂಟೆಗೆ. ಆ ಹೊತ್ತಿಗೆ ನಾನು ಕೆ.ಆರ್. ನಗರದ ಒಂದು ಕಲ್ಯಾಣ ಮಂಟಪದಲ್ಲಿದ್ದೆ. ಸುತ್ತಿನ ತಾಲ್ಲೂಕುಗಳ ಕ್ಲಬ್ಬುಗಳೆಲ್ಲ ಸೇರಿದ ಸಮಾರಂಭ. ನೇತ್ರದಾನದ ಕೆಲಸಕ್ಕೆ ನಮ್ಮ ಕ್ಲಬ್ಬಿಗೆ ಫಲಕ ಬಂದಿತ್ತು, ಅದನ್ನು ತೆಗೆದುಕೊಳ್ಳಬೇಕಾದವಳು ನಾನು. ಎರಡನೇ ಸಾಲಿನಲ್ಲಿ ಕೂತಿದ್ದಾಗ ಫೋನು ಬಂತು. ದೊಡ್ಡವ್ವನ ಮಗನದು. ಅವನು ಆಗ ಮಗಳ ಹಾಸ್ಟೆಲ್ ಸೀಟಿಗೆ ಹೇಳಿಸಿ ಅಕ್ಕ ಎಂದು ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದ. ಅದೇ ಇರಬೇಕೆಂದು ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ ಕಟ್ ಮಾಡಿದೆ. ಮೂರನೆಯದಕ್ಕೆ ಪಕ್ಕದವರು ತಿರುಗಿ ನೋಡಿದರು. ಸ್ವಿಚ್ ಆಫ್ ಮಾಡಿ ಬ್ಯಾಗಿಗೆ ಹಾಕಿದೆ.

ಫಲಕ, ಶಾಲು, ಫೋಟೊ, ಊಟ, ಮತ್ತೆ ಫೋಟೊ. ಮನೆ ಮುಟ್ಟಿ ಫೋನ್ ಹಾಕಿದಾಗ ಸಂಜೆ ಐದೂವರೆ. ಹತ್ತೊಂಬತ್ತು ಸಲ ಕರೆದಿದ್ದ ಎಂದು ಮೆಸೇಜು ಬಂತು. ವಾಪಸ್ಸು ಮಾಡಿದೆ.

"ಅವ್ವ ಓಗ್ಬುಟ್ರು" ಎಂದ. "ನಾಕು ಗಂಟೆ ಗಂಟ ಕಾದೋ. ಫ್ಯಾನ್ ಆಫ್ ಮಾಡಿದ್ದೋ, ಹತ್ತಿ ಒಣಗ್ದಂಗೆ ನೀರ್ ಬುಡ್ತಾನೇ ಇದ್ದೋ. ನಿಮ್ ಮನೆ ತಾವ್ಕೂ ಬೈಕಲ್ಲಿ ಆಳ್ ಕಳ್ಸಿದ್ದೆ, ಬೀಗ ಆಕಿತ್ತಂತೆ. ನೆಂಟ್ರೆಲ್ಲ ಬಾಯಿಗ್ ಬಂದಂಗೆ ಅಂದ್ರು. ಮಣ್ ಮಾಡ್ಬುಟ್ಟೋ ಮೇಡಂ."

ಚಿಕ್ಕಂದಿನಿಂದ ನನ್ನನ್ನು ಅಕ್ಕ ಅನ್ನುತ್ತಿದ್ದವನು ಅವನು.

ಆಗ ನಾನು ಏನು ಹೇಳಿದೆ ಎಂಬುದನ್ನು ಬರೆಯಲಿಕ್ಕೇ ಇಷ್ಟೆಲ್ಲ ಬರೆದೆ. "ನಾನು ಬೆಳಿಗ್ಗೆನೇ ಮೈಸೂರಿಗೆ ಹೇಳಿದ್ದೆ ಕಣೋ. ಅವರ ಗಾಡಿ ದಾರೀಲಿ ಕೆಟ್ಟುಹೋಯ್ತಂತೆ. ಅದೇ ಓಡಾಟದಲ್ಲಿದ್ದೆ, ನಿನ್ನ ಫೋನ್ ತೆಗೆಯೋಕೆ ಆಗಲಿಲ್ಲ" ಎಂದೆ. ಮಾತು ತಡವರಿಸಲೂ ಇಲ್ಲ. ತರಗತಿಯಲ್ಲಿ ಉತ್ತರ ಹೇಳಿದ ಹಾಗೆ ಬಂತು. ಫೋನೇ ತೆಗೆಯದವಳಿಗೆ ಸಾವಿನ ಸುದ್ದಿ ಬೆಳಿಗ್ಗೆ ಹೇಗೆ ತಿಳಿಯಿತು ಎಂದು ಅವನು ಕೇಳಬಹುದಿತ್ತು. ಕೇಳಲಿಲ್ಲ.

ಮಾರನೇ ದಿನ ಹೋದಾಗ ಸೊಸೆ ನನಗೇ ಸಮಾಧಾನ ಹೇಳಿದಳು. "ಒಂದ್ ಲೆಕ್ಕಕ್ಕೆ ಒಳ್ಳೇದೇ ಆಯ್ತು ಬುಡಿ. ಅತ್ತೆ ಕಣ್ಣಿಟ್ಕಂಡೇ ಓಗ್ಬುಟ್ರು." ನನಗೆ ಎಷ್ಟು ಹಗುರವಾಯಿತೆಂದರೆ, ಅಲ್ಲೇ ಕೂತು ಎರಡು ಲೋಟ ಕಾಫಿ ಕುಡಿದೆ. ಮೂಢನಂಬಿಕೆ ಬಿಡಿ ಎಂದು ಅದೇ ಹೆಂಗಸಿಗೆ ಭಾಷಣ ಮಾಡಿದವಳು ನಾನು. ಅವತ್ತು ಅವಳ ನಂಬಿಕೆಯ ಮರೆಯಲ್ಲೇ ಅಡಗಿ ಕೂತೆ.

ಇದಾಗಿ ಐದು ವರ್ಷ. ಈಗ ಕ್ಲಬ್ಬಿನಲ್ಲಿ ನಾನು ಬರೀ ಸದಸ್ಯೆ. ಕಾರ್ಡಿನ ಕೆಲಸವನ್ನು ಮತ್ತೆ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಮ್ಮೆ ಮೈಸೂರಿನ ಕಣ್ಣಿನ ಬ್ಯಾಂಕಿಗೆ ಫೋನ್ ಮಾಡಿ, ಯಾರದೋ ವಿಷಯ ಎಂಬಂತೆ ಕೇಳಿದ್ದೆ. ಕಾರ್ಡು ಇಲ್ಲದಿದ್ದರೂ ಪರವಾಗಿಲ್ಲ, ಮನೆಯವರು ಒಪ್ಪಿ ಒಂದು ಫೋನ್ ಮಾಡಿದರೆ ಸಾಕು, ಒಂದೂವರೆ ಗಂಟೆಯಲ್ಲಿ ಬರುತ್ತೇವೆ ಎಂದರು.

ನೋಟ್‌ಬುಕ್ ಮುಚ್ಚಿಟ್ಟ ಆ ವಾರ, ಭಾನುವಾರ ಊರಿಗೆ ಹೋದೆ. ದೊಡ್ಡವ್ವನ ಮಗ ಜಗಲಿಯ ಮೇಲೆ ಕೂತು ಸ್ಪ್ರೇಯರಿನ ಪೈಪು ಬಿಚ್ಚುತ್ತಿದ್ದ. ಎಲ್ಲವನ್ನೂ ಹೇಳಿದೆ. ಗಾಡಿ ಕೆಟ್ಟಿರಲಿಲ್ಲ, ಗಾಡಿ ಹೊರಡಲೇ ಇಲ್ಲ, ಯಾರಿಗೂ ನಾನು ಹೇಳಿರಲೇ ಇಲ್ಲ, ನೀನು ಕರೆದಾಗ ಫೋನ್ ಕಟ್ ಮಾಡಿ ಕೂತಿದ್ದೆ ಎಂದು. ಪ್ರೆಸ್ಸಿನಲ್ಲಿ ತೆಗೆಸಿದ ಸಾಲಿನ ವಿಷಯವನ್ನೂ ಹೇಳಿದೆ. ಅವನು ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

ಪೈಪು ಕೆಳಗಿಟ್ಟು ಕೇಳಿದ. "ಬಂದಿದ್ರೆ... ಯಾರ್ಗಾರ ಆಯ್ತಿತ್ತಾ ಆ ಕಣ್ಣು?"

"ಆಗ್ತಿತ್ತು. ಇಬ್ಬರಿಗೆ."

"ಇಬ್ರಿಗಾ?"

"ಒಬ್ಬೊಬ್ಬರಿಗೆ ಒಂದೊಂದು ಹಾಕ್ತಾರೆ."

ಇದನ್ನು ನಾನು ಶೆಡ್ಡಿನ ಭಾಷಣದಲ್ಲಿ ಹೇಳಿರಲಿಲ್ಲವೇನೋ, ಅಥವಾ ಅವನಿಗೆ ಯಾರೂ ಹೇಳಿರಲಿಲ್ಲವೇನೋ. ಅವನು ತಲೆ ತಿರುಗಿಸಿ ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ: "ಕೇಳ್ದೇನಮ್ಮೀ, ಇಬ್ರಿಗ್ ಆಯ್ತಿದ್ವಂತೆ ಅವ್ವನ್ ಕಣ್ಣು." ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು.

ಅವನು ಎದ್ದು ಕೊಟ್ಟಿಗೆಯ ಕಡೆ ಹೋದ. ನಾನು ಇನ್ನೂ ಸ್ವಲ್ಪ ಹೊತ್ತು ಕೂತಿದ್ದೆ. ಆ ದಿನ ಯಾರೂ ಕಾಫಿಗೆ ಕೇಳಲಿಲ್ಲ. ಬಸ್ ಸ್ಟಾಪಿನವರೆಗೆ ನಡೆಯುವಾಗ ಆ ಇಬ್ಬರನ್ನೇ ಯೋಚಿಸುತ್ತಿದ್ದೆ. ದೊಡ್ಡವ್ವನಿಗಾದರೂ ವಯಸ್ಸಾಗಿತ್ತು, ಅವಳ ಗೋರಿ ಎಲ್ಲಿದೆ ಎಂಬುದೂ ನನಗೆ ಗೊತ್ತು, ಹೋಗಿ ನಿಲ್ಲಬಹುದು. ಆ ಇಬ್ಬರು ಎಲ್ಲಿದ್ದಾರೋ... ಗಂಡೋ ಹೆಣ್ಣೋ, ಯಾವ ಊರಿನವರೋ. ತಮ್ಮ ಸರದಿಗೆ ಯಾರೋ ಅಡ್ಡ ನಿಂತಿದ್ದರು ಎಂಬುದು ಅವರಿಗೆ ಎಂದೂ ತಿಳಿಯುವುದಿಲ್ಲ. ಅವರಿಗೆ ಹೋಗಿ ಹೇಳಲೂ ನನ್ನಿಂದ ಆಗುವುದಿಲ್ಲ.