ಗಟ್ಟಿಮೇಳದ ಹೊತ್ತಿಗೆ ಸ್ಪೀಕರು

ಮೊನ್ನೆ ಬೀರು ತೆಗೆದಾಗ ಅಕ್ಕನ ಮದುವೆಯ ಪೆನ್‌ಡ್ರೈವ್ ಕೈಗೆ ಸಿಕ್ಕಿತು. ಸಿಕ್ಕಿದ್ದೇ ತಡ, ಮೈಯೆಲ್ಲ ಉರಿಯಿತು. ಅದರಲ್ಲಿ ನಮ್ಮ ಪಕ್ಕದ ಮನೆಯ ವಾಲಗದ ಮಾವ ಇದ್ದಾರೆ... ಇದ್ದಾರೆ ಅನ್ನುವುದೂ ಅರ್ಧ ಸುಳ್ಳೇ.

ಹುಣಸೂರಿನ ನಮ್ಮ ಬೀದಿಗೆ ಬೆಳಗಾಗುತ್ತಿದ್ದುದೇ ಅವರ ನಾಗಸ್ವರದಿಂದ. ಒಂದು ವರ್ಷ ಲಕ್ವ ಹೊಡೆದು ಬಾಯಿ ಸೊಟ್ಟಗಾಯಿತು. ಊದುವವರಿಗೆ ಬಾಯಿಯೇ ಹೋದರೆ ಇನ್ನೇನು ಉಳಿಯಿತು? ಆದರೆ ಮನುಷ್ಯ ಹಟಮಾರಿ. ಜಗಲಿಯಲ್ಲಿ ಕೂತು ಬಲೂನು ಊದುತ್ತಿದ್ದರು. ಒಂದು ದಿನ ಟೀ ಲೋಟ ಎತ್ತಿ ತೋರಿಸಿ, "ನೋಡವ್ವ, ಒಂದ್ ತೊಟ್ಟೂ ಚೆಲ್ನಿಲ್ಲ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಆಮೇಲೆ ಬಿಳಿಕೆರೆಯಲ್ಲೊಂದು ಗೃಹಪ್ರವೇಶ, ಹ್ಯಾಂಡ್‌ಪೋಸ್ಟ್‌ನಲ್ಲೊಂದು ಅಂಗಡಿ ಪೂಜೆ... ಅರ್ಧಗಂಟೆ ನುಡಿಸಿ ಬಂದು ಎರಡು ದಿನ ಮಲಗುತ್ತಿದ್ದರು. ಆದರೂ ಮುಖದಲ್ಲಿ ಗೆದ್ದ ಕಳೆ.

"ಮದ್ವೇಲಿ ಗಟ್ಟಿಮೇಳ ಒಂದ್ ಊದ್ಬುಟ್ರೆ ನಾನು ಮೊದ್ಲಿನ್ ಮನ್ಸ ಆದಂಗೆ. ನಿಮ್ಮಕ್ಕುಂಗೇ ಊದ್ತೀನಿ ಕಣವ್ವ" ಅಂದಿದ್ದರು.

ತಾಳಿ ಕಟ್ಟುವ ಗಳಿಗೆಯಲ್ಲಿ ಸೀನು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳಬಾರದೆಂದು ವಾಲಗದವರು ಶಕ್ತಿಮೀರಿ ನುಡಿಸುವುದು ನಮ್ಮಲ್ಲಿ ರೂಢಿ. ಮದುವೆಯ ಯಜಮಾನಿಕೆ ವಹಿಸಿದ್ದ ದೊಡ್ಡಪ್ಪನಿಗೆ ಅದೇ ನೆಪವಾಯಿತು. ಕೆ.ಆರ್. ನಗರದ ಛತ್ರದಲ್ಲಿ ಪುರೋಹಿತರು ಕೈಯೆತ್ತಿ "ಗಟ್ಟಿಮೇಳ!" ಅಂದರು. ಮಾವ ಕಣ್ಣು ಮುಚ್ಚಿ ಊದತೊಡಗಿದರು. ಅಷ್ಟರಲ್ಲಿ ದೊಡ್ಡಪ್ಪ ಸೌಂಡಿನವನತ್ತ ಕೈಬೀಸಿದ. ಆಳೆತ್ತರದ ಸ್ಪೀಕರುಗಳಿಂದ ರೆಕಾರ್ಡಿನ ಗಟ್ಟಿಮೇಳ ಛತ್ರ ಅದುರುವಂತೆ ಹೊಡೆಯಿತು.

"ರೋಗದ್ ಬಾಯಿ ಕಣಮ್ಮಿ, ಮಧ್ಯದಲ್ಲಿ ನಿಂತೋದ್ರೆ ಅಪಶಕುನ ಅಲ್ವಾ?" ಎಂದು ಆಮೇಲೆ ನನಗೇ ಬುದ್ಧಿ ಹೇಳಿದ.

ನಿಲ್ಲಲಿಲ್ಲ ಕಣ್ರೀ! ಕೊನೆಯ ಗಂಟು ಬೀಳುವ ತನಕ ಮಾವ ಬಾಯಿಂದ ನಾಗಸ್ವರ ತೆಗೆಯಲಿಲ್ಲ. ಪಕ್ಕದಲ್ಲಿದ್ದ ಡೋಲಿನವರಿಗೂ ಕೇಳಿಸಲಿಲ್ಲ, ಅಷ್ಟೇ. ಹಾಳಾಗಿ ಹೋಗಲಿ ಆ ದೊಡ್ಡಸ್ತಿಕೆ. ಇವತ್ತಿಗೂ ನಾನು ದೊಡ್ಡಪ್ಪನ ಮನೆ ಹೊಸ್ತಿಲು ತುಳಿಯುವುದಿಲ್ಲ.

ಮಾವನಿಗೆ ಊದಲು ಇನ್ನೊಂದು ಮದುವೆ ಸಿಗಲಿಲ್ಲ. ಅದೇ ವರ್ಷ ಮತ್ತೆ ಲಕ್ವ ಹೊಡೆದು ಹೋಗಿಬಿಟ್ಟರು...

ಪೆನ್‌ಡ್ರೈವ್ ಸಿಕ್ಕ ಸುದ್ದಿ ತಿಳಿದು ನಿನ್ನೆ ಅವರ ಹೆಂಡತಿ ಬಂದರು. ನನಗೆ ಅತ್ತೆ. ಟಿವಿ ಮುಂದೆ ಕೂತು, "ಅವ್ರು ಊದಿದ್ದು ಒಂದ್ಸಲ ಕೇಳ್ಸವ್ವ" ಅಂದರು. ಪೆನ್‌ಡ್ರೈವ್ ಟಿವಿಗೆ ಸಿಕ್ಕಿಸಿ ಹಾಕಿದೆ. ಪರದೆಯ ಮೂಲೆಯಲ್ಲಿ ಮಾವನ ಉಬ್ಬಿದ ಕೆನ್ನೆ, ಓಡಾಡುವ ಬೆರಳು. ಕಿವಿಗೆ ಸ್ಪೀಕರಿನ ಅಬ್ಬರ. ಅತ್ತೆ ಸ್ವಲ್ಪ ಹೊತ್ತು ಕೇಳಿ ತಲೆ ಅಲ್ಲಾಡಿಸಿದರು.

"ಇದು ಅವ್ರ ಉಸ್ರಲ್ಲ ಕಣವ್ವ."

ನಾನು ಸೌಂಡು ಪೂರ್ತಿ ಇಳಿಸಿದೆ. ಸದ್ದಿಲ್ಲದ ಟಿವಿಯ ಮುಂದೆ, ಕೊನೆಯ ಗಂಟು ಬೀಳುವ ತನಕ, ಅತ್ತೆ ಕಿವಿಗೊಟ್ಟು ಕೂತೇ ಇದ್ದರು.