ಹಾಳೂರು, ಆಲೂರು

ಗೊಬ್ಬರದ ಕಂಪನಿಯವರು ಗುಂಡ್ಲುಪೇಟೆ ಪಕ್ಕದ ಬೇಗೂರಿನ ನಮ್ಮ ಬಾವನನ್ನು ಟರ್ಕಿಗೆ ಕಳಿಸಿದರು. ಬಾವ ಅಂದರೆ ನನ್ನ ಸೋದರಮಾವನ ಮಗ, ಗೊಬ್ಬರದಂಗಡಿಯವನು. ಮೂಟೆ ಹೆಚ್ಚು ಮಾರಿದ್ದಕ್ಕೆ ಬಹುಮಾನವಂತೆ. ನಾನು ಕಂಡ ಪರದೇಶ ಸುಲ್ತಾನ್ ಬತ್ತೇರಿ. ಅಲ್ಲೂ ಯಾರದೋ ಮದುವೆಯ ಆರ್ಕೆಸ್ಟ್ರಾದ ನಡುವೆ ಹತ್ತು ನಿಮಿಷ ಮಿಮಿಕ್ರಿ ಮಾಡಿ, ಮಲಯಾಳಿಗಳಿಗೆ ನನ್ನ ಮಾತು ತಿಳಿಯದೆ, ಕೊನೆಗೆ ಕೋಳಿಯಂತೆ ಕೂಗಿ ಬಂದಿದ್ದೆ.

ಬಾವ ವಾಪಸಾದ ಭಾನುವಾರ ಮಾವನ ಮನೆಯ ಜಗಲಿ ತುಂಬಿತ್ತು. ಆ ಜಗಲಿ ನನ್ನದು. ಇಷ್ಟು ವರ್ಷ ಅಲ್ಲಿ ಜನ ಸೇರುತ್ತಿದ್ದುದು ನನ್ನ ಬಾಯಿ ನೋಡಲು. ಈಗ ಎಲ್ಲರೂ ಅವನ ಫೋನಿಗೆ ಬಗ್ಗಿದ್ದರು: ಕಂಬ, ಮುರಿದ ಕಂಬ, ಕಂಬಕ್ಕೆ ಒರಗಿದ ಬಾವ. ನನಗೆ ಕಾಫಿ ಕೊಡುವುದನ್ನೂ ಮರೆತಿದ್ದರು.

"ಎಲ್ಲೋಗಿದ್ಲಾ ಮೊಗ?" ಅಜ್ಜಿ ಕೇಳಿದಳು.

"ಆಳೂರು ಕಣಜ್ಜಿ. ಎಲ್ಡ್ ಸಾವ್ರ ವರ್ಸದ್ದು."

ಅವನು ಹೇಳಿದ್ದು ಹಾಳೂರು. ನಮ್ಮ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಕಿವಿ ಮಂದದ ಅಜ್ಜಿಗೆ ಕೇಳಿದ್ದು ಚಾಮರಾಜನಗರದ ಹತ್ತಿರದ ಆಲೂರು.

"ಅಯ್ಯೋ ಮಂಕೆ! ಆಲೂರ್ಗೋಗಕ್ಕೆ ಇಮಾನ ಯಾಕ್ಲಾ? ಬಸ್ಸಿರ್ನಿಲ್ವಾ?"

ನಾನು ಬಿಡುತ್ತೇನೆಯೇ? ಎದ್ದು ಮೂಗು ಹಿಡಿದು ಗುಂಡ್ಲುಪೇಟೆ ಸ್ಟ್ಯಾಂಡಿನ ಕಂಡಕ್ಟರ್ ದನಿ ತೆಗೆದೆ: "ಟರ್ಕಿ ಆಲೂರು, ಯಾರ್ರೀ ಟರ್ಕಿ ಆಲೂರು! ಗೊಬ್ಬರದ್ ಮೂಟೆಗೆ ಲಗೇಜ್ ಟಿಕೆಟ್!" ಒಂದು ಉಸಿರು ತಡೆದು, "ರೈಟ್!"

ಜಗಲಿ ಉರುಳಾಡಿ ನಕ್ಕಿತು. ಕಾಫಿಯೂ ಬಂತು. ಗೆದ್ದೆ ಅಂದುಕೊಂಡೆ.

ಎಲ್ಲರಿಗಿಂತ ಜೋರಾಗಿ ನಕ್ಕವನು ಬಾವನೇ. "ಇದ್ನೇ ಕಣ್ಲಾ ನಾನಲ್ಲಿ ಮಾಡ್ಬುಟ್ಟು ಬಂದಿರದು!"

ವಿಡಿಯೊ ಹಾಕಿದ. ಬೆಟ್ಟದ ಮೈಗೆ ಅರ್ಧ ಬಳೆಯಂತೆ ಕೊರೆದ ಕಲ್ಲಿನ ಮೆಟ್ಟಿಲುಗಳು, ಹಳೇ ಕಾಲದ ನಾಟಕಶಾಲೆ. ನಡುವೆ ಬಾವ, ಮೂಗು ಹಿಡಿದುಕೊಂಡು: "ಬಂಡೀಪುರ, ಊಟಿ! ರೈಟ್!" ಮೇಲಿನ ಮೆಟ್ಟಿಲಿನವರೆಗೂ ಕೂತಿದ್ದ ಯಾವ್ಯಾವುದೋ ದೇಶದವರು ಚಪ್ಪಾಳೆ ತಟ್ಟಿದರು.

"ಮೈಕೇ ಬ್ಯಾಡ ಕಣ್ಲಾ ಅಲ್ಲಿ. ಪಿಸುಗುಟ್ಟುದ್ರೂ ಮೇಲ್ಗಂಟ ಕೇಳ್ತದೆ. ನೀನಿರ್ಬೇಕಿತ್ತು."

ನಾನಿರಬೇಕಿತ್ತು. ನನ್ನ ಮೂಗು, ನನ್ನ ಕಂಡಕ್ಟರ್, ಅವನ ಚಪ್ಪಾಳೆ. ಮೂರು ಸಲ ಹಾಕಿಸಿ ನೋಡಿದೆ.

"ರೈಟ್ ಅನ್ನಕ್ ಮೊದ್ಲು ಒಂದ್ ಉಸ್ರು ತಡೀಬೇಕು ಬಾವ," ಎಂದೆ. "ಕೆಡ್ಸ್ಬುಟ್ಟೆ."

"ಬುಡ್ಲಾ," ಎಂದ ಬಾವ, "ಅವ್ರಿಗೇನ್ ಗೊತ್ತಾಯ್ತದೆ?"