ಕರುಳಿಲ್ಲದಾಕಿ

ಗುಡೇಕೋಟೆಯ ಆಚೆ, ಕುರುಚಲು ಗುಡ್ಡದ ಬುಡದ ಒಂದು ಹಳ್ಳಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಹೇಳಿ ಕಳಿಸುತ್ತಿದ್ದುದು ಕುರಿ ಸಾಕುವ ಮೈಲಮ್ಮನಿಗೆ. ಸತ್ತವರ ಗುಣವನ್ನು ಹಾಡು ಕಟ್ಟಿ ಅಳುವುದರಲ್ಲಿ ಅವಳಂಥವಳು ಸುತ್ತ ಹತ್ತೂರಲ್ಲಿರಲಿಲ್ಲ. ಅವಳು ದನಿ ಎತ್ತಿದಳೆಂದರೆ, ಮಾತು ಬಿಟ್ಟ ಅಣ್ಣತಮ್ಮಂದಿರೂ ಒಬ್ಬರ ಹೆಗಲಿಗೆ ಒಬ್ಬರು ಬಿದ್ದು ಅಳುತ್ತಿದ್ದರು. ಅದಕ್ಕಾಗಿ ಯಾರಿಂದಲೂ ಒಂದು ಕುಪ್ಪಸದ ತುಂಡನ್ನೂ ಮುಟ್ಟಿದವಳಲ್ಲ.

ಅಂಥವಳು ಕರಿಸಿದ್ದಪ್ಪ ಸತ್ತ ದಿನ ಅಳಲಿಲ್ಲ.

ಕರಿಸಿದ್ದಪ್ಪ ಊರ ಹಿರಿಯ. ಪಂಚಾಯ್ತಿಯಲ್ಲಿ ಅವನು ಹೇಳಿದ್ದೇ ಕೊನೆ. ಕೆಲ ವರ್ಷಗಳ ಹಿಂದೆ ಮೈಲಮ್ಮನ ಮಗಳು ಕೀರ್ತನಾ, ಹರಪನಹಳ್ಳಿ ಕಡೆಯ ಗಂಡನ ಮನೆಯಿಂದ ಮೈತುಂಬ ಬಾಸುಂಡೆ ಹೊತ್ತು ಓಡಿ ಬಂದಿದ್ದಳು. ಬೆನ್ನಿಗೇ ಗಂಡನೂ ಬಂದ. ಕಟ್ಟೆಯ ಮೇಲೆ ಪಂಚಾಯ್ತಿ ಕೂಡಿತು.

ಮೈಲಮ್ಮ ಸೆರಗೊಡ್ಡಿದಳು. "ಯಜಮಾನ್ರ, ಕೊಂದ ಹಾಕ್ತಾನ್ರಿ ಅವ. ನನ್ ಮಗಳು ನನ್ ಹತ್ರನ ಇರ್ಲಿ."

ಕರಿಸಿದ್ದಪ್ಪ ಎಲೆಅಡಿಕೆ ಅಗಿಯುತ್ತಲೇ ಅಂದ: "ಹೆಣ್ಣಂದ ಮ್ಯಾಲ ಒಂದೇಟು ತಿನ್ನೋದು ಇದ್ದಿದ್ದ. ಅತ್ತೋರಿಗೆಲ್ಲ ಕರಗಿದ್ರ ಊರು ನಡಸಾಕ ಆಗಂಗಿಲ್ಲ." ಆಮೇಲೆ ಅಳಿಯನ ಕಡೆ ತಿರುಗಿ, "ಕರ್ಕಂಡು ಹೋಗಪ" ಎಂದ.

ಅಂದು ಊರವರು ಅವನನ್ನು ಹೊಗಳಿದ್ದು 'ಖಡಕ್ ಮನುಷ್ಯ' ಎಂದು.

ಆ ವರ್ಷ ಕಳೆಯುವುದರೊಳಗೆ ಕೀರ್ತನಾ ಯಾರನ್ನೂ ಕೇಳದೆ ತಿರುಗಿ ಬಂದಳು. ಎಡಗಿವಿ ಹೋಗಿತ್ತು. ಒಳಗಿನ ನರಕ್ಕೇ ಪೆಟ್ಟಾಗಿದೆ, ಇನ್ನು ಕೇಳಿಸದು ಎಂದರು ಡಾಕ್ಟರು. ಈ ಸಲ ಮೈಲಮ್ಮ ಕುರಿ ಕಾಯುವ ಕೋಲು ಹಿಡಿದು ಹೊಸ್ತಿಲಲ್ಲಿ ಕೂತಳು. ಪಂಚಾಯ್ತಿಗೆ ಕರೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಕರಿಸಿದ್ದಪ್ಪ ಸತ್ತಾಗ, ಊರ ರೀತಿ ಬಿಡಬಾರದೆಂದು ಅವಳು ಮಗಳನ್ನೂ ಕರೆದುಕೊಂಡು ಹೋದಳು. ಹೆಣಕ್ಕೆ ವಿಭೂತಿ ಹಚ್ಚಿ, ಹಡಗಲಿ ಮಲ್ಲಿಗೆಯ ಹಾರ ಹಾಕಿ ಕೂರಿಸಿದ್ದರು. ಮಗ್ಗುಲಲ್ಲಿ ಭಜನೆ ನಡೆದಿತ್ತು. ಸತ್ತವನ ತಂಗಿ ಬಸಲಿಂಗಮ್ಮ ಮೈಲಮ್ಮನ ಕೈ ಹಿಡಿದಳು. "ಬಾರವ್ವ, ಶುರು ಮಾಡು. ನಮ್ಮಣ್ಣನ್ನ ಹಾಡಿ ಕಳಸು."

ಮೈಲಮ್ಮ ಬಾಯಿ ತೆರೆದಳು. 'ಕರ್ಕಂಡು ಹೋಗಪ' ಎಂಬುದೊಂದೇ ಮಾತು ಎದೆಯಲ್ಲಿ ಕೊಳ್ಳಿಯಂತೆ ಉರಿಯಿತು. ಬೇರೇನೂ ಬರಲಿಲ್ಲ.

"ಇವರ ಮ್ಯಾಲ ಹಾಡಾಕ ನನ್ ಹತ್ರ ಏನೂ ಇಲ್ಲರಿ."

"ಹೆಣದ ಮುಂದ ಹಗಿ ಸಾಧಸ್ತೀಯಲ್ಲ, ಕರುಳಿಲ್ಲದಾಕಿ!" ಎಂದು ಬಸಲಿಂಗಮ್ಮ ಕೈ ಕೊಡವಿದಳು.

ತಾಳದ ಗದ್ದಲದಲ್ಲಿ ಕೀರ್ತನಾಗೆ ಕೇಳಿಸಲಿಲ್ಲ. "ಏನಂದ್ರಬೇ?" ಎಂದಳು.

ಪಿಸುಮಾತಿನಲ್ಲಿ ಹೇಳಿದರೆ ಆ ಹುಡುಗಿಗೆ ಮುಟ್ಟದು. ಮೈಲಮ್ಮ ಕಿರುಚಿಯೇ ಹೇಳಿದಳು: "ಕರುಳಿಲ್ಲದಾಕಿ ಅಂದ್ರು! ನನಗ! ಕರುಳಿಲ್ಲದಾಕಿ!"

ಭಜನೆ ನಿಂತಿತು.

"ಆವತ್ತು ಕಟ್ಟಿ ಸುತ್ತ ನೀವೆಲ್ಲ ಇದ್ರಿ. ಒಬ್ಬರ ಬಾಯಾಗರ ಈ ಮಾತು ಬಂತೇನು? ಗಂಡಸು ಕರಗದಿದ್ರ ಖಡಕ್ಕು, ಹೆಂಗಸು ಅಳದಿದ್ರ ಕರುಳಿಲ್ಲದಾಕಿ! ನನ್ ಕರುಳು ಇಲ್ಲೇ ನಿಂತೈತಿ ನೋಡ್ರಿ, ಒಂದು ಕಿವಿ ಕಳಕಂಡು!"

ಮಗಳ ರಟ್ಟೆ ಹಿಡಿದು ಅವಳು ಹೊರಟುಬಿಟ್ಟಳು.

ಆ ಹೆಸರು ಮಾತ್ರ ಅಂಟಿಕೊಂಡಿತು. ನೀರಿನ ಟ್ಯಾಂಕಿನ ಹತ್ತಿರ ಅವಳು ಬಂದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಹಗರಿಬೊಮ್ಮನಹಳ್ಳಿಯಿಂದ ಒಡಹುಟ್ಟಿದ ತಮ್ಮ ಸುಂಕಪ್ಪನೇ ಫೋನ್ ಮಾಡಿ, "ಎರಡು ಹನಿ ಕಣ್ಣೀರು ಹಾಕಿದ್ರ ನಿನ್ ಗಂಟೇನು ಹೋಗ್ತಿತ್ತಕ್ಕ?" ಎಂದ.

"ನಿನ್ ಮಗಳ ಕಿವಿ ಹೋಗಿದ್ರ ಹಿಂಗ ಕೇಳ್ತಿದ್ದೇನಲೇ?" ಎಂದು ಅವಳು ಫೋನ್ ಇಟ್ಟಳು.

ಮಳೆಗಾಲದಲ್ಲಿ ಓಣಿಯ ಮುದುಕಿ ಮಂಜಮ್ಮ ತೀರಿಕೊಂಡಳು. ಕೀರ್ತನಾ ಮೊದಲ ಸಲ ಓಡಿ ಬಂದಾಗ ಅವಳ ಬಾಸುಂಡೆಗಳಿಗೆ ಎಣ್ಣೆ ಸವರಿದ್ದ ಮುದುಕಿ ಅದು. ಮೈಲಮ್ಮನಿಗೆ ಯಾರೂ ಹೇಳಿ ಕಳಿಸಲಿಲ್ಲ. ಊರಲ್ಲಿ ಸಾವಿನ ಹಲಗೆ ಬಡಿಯುವ ಸದ್ದು ಗುಡ್ಡದಲ್ಲಿ ಕೇಳಿ, ಕುರಿಗಳನ್ನು ಮಗಳಿಗೊಪ್ಪಿಸಿ, ಅವಳು ತಾನಾಗಿಯೇ ಇಳಿದು ಬಂದಳು. ಹೆಣದ ತಲೆದೆಸೆಯಲ್ಲಿ ಕೂತು ಮುದುಕಿಯ ಎಣ್ಣೆಗೈಯನ್ನು ಹಾಡಿ ಹಾಡಿ, ಗಂಟಲು ಕಟ್ಟುವವರೆಗೆ ಅತ್ತಳು.

ಬಸಲಿಂಗಮ್ಮನೂ ಅಲ್ಲಿದ್ದಳು. ಕಣ್ಣೊರೆಸಿಕೊಳ್ಳುತ್ತ ಹತ್ತಿರ ಬಂದು, "ಎಂಥಾ ಕರುಳವ್ವ ನಿಂದು" ಎಂದಳು.

ಮೈಲಮ್ಮ ಅವಳ ಮುಖ ಕೂಡ ನೋಡಲಿಲ್ಲ. ಒಂದು ಚೊಂಬು ನೀರು ಕುಡಿದು ಗುಡ್ಡದ ದಾರಿ ಹಿಡಿದಳು.